ಹಾಲಿಲ್ಲದ ಕೆನೆ

ನನ್ನ ಮಗಳಿಗೆ ಹಾಲು ಒಗ್ಗುವುದಿಲ್ಲ. ಬರಿಯ ಹೊಟ್ಟೆಯುಬ್ಬರವಾಗಿದ್ದರೆ ಚಿಂತೆಯಿರಲಿಲ್ಲ. ಹಾಲಿನ ಪ್ರೋಟೀನು ತುಸುವೇ ತಗುಲಿದರೂ ಮೈತುಂಬ ದದ್ದು, ಏದುಸಿರು. ಹಾವೇರಿಯ ನಮ್ಮ ಓಣಿಯಲ್ಲಿ ಯಾರದೇ ಹುಟ್ಟುಹಬ್ಬವಾಗಲಿ, ಕೇಕಿನ ತಟ್ಟೆ ಬಂದಾಗ ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವಳು.

ಈ ಮೇ ತಿಂಗಳಲ್ಲಿ ಅವಳಿಗೆ ಹತ್ತು ತುಂಬಿತು. ರಾಣೇಬೆನ್ನೂರಿನ ಅಂಗಡಿಯೊಂದರಲ್ಲಿ ‘ಹಾಲಿಲ್ಲದ ಕ್ರೀಮು’ ಸಿಗುವುದೆಂದು ಕೇಳಿ ಹೋದೆ. ಮೇಷ್ಟರಿಗೆ ಅಚ್ಚಾದುದನ್ನೆಲ್ಲ ಓದುವ ಚಟ ನೋಡಿ! ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ‘ಸೋಡಿಯಂ ಕೇಸಿನೇಟ್’ ಎಂದಿತ್ತು. ಅದು ಹಾಲಿನದೇ ಪ್ರೋಟೀನು. ಬರಿಗೈಯಲ್ಲಿ ಬಸ್ಸು ಹತ್ತಿದೆ.

2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಎಂಬ ಗಾಯಕ ಕಾಳು ಬೆಂದ ನೀರನ್ನೇ ಕಡೆದು ಬಿಳಿಯ ನೊರೆ ಬರಿಸಿದ ಸಂಗತಿಯನ್ನು, ಬ್ಯಾಡಗಿಯಿಂದ ಬಂದಿದ್ದ ಅವ್ವನಿಗೆ ಹೇಳಿದೆ.

“ಕಟ್ಟು ಸಾರಿಗಿರಲಿ ಬಿಡೋ ತಮ್ಮಾ. ತೆಂಗಿನಕಾಯಿ ಹಾಲಿಗೂ ಕೆನಿ ಬರತೈತಿ,” ಎಂದಳು ಅವ್ವ.

ಬಲಿತ ಕಾಯಿ ತುರಿದು, ನೀರು ಕಡಿಮೆ ಹಾಕಿ ರುಬ್ಬಿ, ಮೊದಲ ಹಾಲನ್ನಷ್ಟೇ ಹಿಂಡಿದಳು. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟೆವು. ಬೆಳಗಿಗೆ ನೀರು ತಳದಲ್ಲಿ, ಗಟ್ಟಿ ಕೆನೆ ಮೇಲೆ. ಅದಕ್ಕೆ ಪುಡಿಸಕ್ಕರೆ, ಏಲಕ್ಕಿ ಸೇರಿಸಿ ಕಡೆದು, ಹಾಲು-ಬೆಣ್ಣೆ ಸೋಕದ ಮನೆಯ ಕೇಕಿಗೆ ಹಚ್ಚಿದೆವು.

ಅಂಗಡಿಯ ಕ್ರೀಮಿನಂತೆ ಅದು ಗೋಪುರವಾಗಿ ನಿಲ್ಲಲಿಲ್ಲ. ಸೆಕೆಗೆ ಅಂಚಿನಿಂದ ಇಳಿಯತೊಡಗಿತು. ನನಗೆ ಪೆಚ್ಚಾಯಿತು. ಆದರೆ ಮಗಳ ಕೈ ಅಂದು ಬೆನ್ನ ಹಿಂದೆ ಇರಲಿಲ್ಲ. ತಟ್ಟೆ ಹಿಡಿದು ಓಣಿಯ ಮಕ್ಕಳಿಗೆಲ್ಲ ತಾನೇ ಹಂಚಿದಳು. ಕಡೆಗೆ ಬೆರಳು ನೆಕ್ಕುತ್ತ ಕೇಳಿದಳು: “ಅಪ್ಪಾ, ಇನ್ನೂ ಐತೇನು?”