ನಾಲ್ಕು ಗೆರೆಗಳ ಸಹವಾಸ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಕಟ್ಟಿದವರು ನನ್ನಂಥವನೊಬ್ಬನನ್ನು ಹತ್ತಿರದಿಂದ ಕಂಡಿದ್ದಿರಬೇಕು. ಮೂವತ್ತಾರು ವರ್ಷ ಲೆಕ್ಕಪತ್ರಗಳ ನಡುವೆ ಬಾಳಿ, ನಿವೃತ್ತನಾಗಿ, ಇನ್ನಾದರೂ ಗೀತೆಯನ್ನೋ ಭಾರತವನ್ನೋ ಓದಿಕೊಂಡು ಇರಬಹುದಾಗಿದ್ದ ನಾನು, ಅರವತ್ತೆರಡನೆಯ ವಯಸ್ಸಿನಲ್ಲಿ ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅದೂ ಎಲ್ಲಿ? ತ್ಯಾಗರಾಜನಗರದಲ್ಲಿ!

ವಾದ್ಯ ನನ್ನದಲ್ಲ, ಮಗಳದು. ಕಾಲೇಜಿನಲ್ಲಿದ್ದಾಗ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣದಿಂದ ಕೊಂಡದ್ದು. ಈಗ ಅವಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ವಾದ್ಯ ಕರಿಯ ಚೀಲದೊಳಗೆ ಬೀರುವಿನ ಮೇಲೆ ಏಳು ವರ್ಷ ಮಲಗಿತ್ತು. ಗೋಡೆಗೆ ಬಣ್ಣ ಬಳಿಸಲೆಂದು ಬೀರುವನ್ನು ಸರಿಸಿದ ದಿನ ಅದನ್ನು ಕೆಳಗಿಳಿಸಿದೆವು. ಚೀಲದ ಜೇಬಿನಲ್ಲಿ ಅವಳ ಕೈಬರಹದ ನೋಟ್ ಪುಸ್ತಕವೊಂದು ಸಿಕ್ಕಿತು. ಪುಟದ ತುಂಬ ನಾಲ್ಕು ನಾಲ್ಕು ಅಡ್ಡಗೆರೆಗಳು, ಗೆರೆಗಳ ಮೇಲೆ ಅಂಕಿಗಳು. ಅಂಕಿ ಕಂಡರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ, ಅದು ವೃತ್ತಿದೋಷ. ಅಡ್ಡಡ್ಡ ಕೂಡಿ ನೋಡಿದೆ, ಉದ್ದುದ್ದ ಕೂಡಿ ನೋಡಿದೆ. ತಾಳೆಯಾಗಲಿಲ್ಲ.

ಎದುರು ಮನೆಯ ಹುಡುಗ ಗಿಟಾರ್ ಬಾರಿಸುತ್ತಾನೆ. ಅವನನ್ನು ಕರೆದು ಕೇಳಿದೆ. "ಅಂಕಲ್, ಇದು ಟ್ಯಾಬ್. ಟ್ಯಾಬ್ಲೇಚರ್ ಅಂತಾರೆ. ಗೆರೆ ಅಂದ್ರೆ ತಂತಿ, ನಂಬರ್ ಅಂದ್ರೆ ಫ್ರೆಟ್. ಅಷ್ಟೇ" ಎಂದ. ಬಲ್ಲವರಿಗೆಲ್ಲ ಎಲ್ಲವೂ ಅಷ್ಟೇ.

ಬೇಸ್ ಗಿಟಾರಿಗೆ ನಾಲ್ಕು ತಂತಿ. ದಪ್ಪನೆಯದರಿಂದ ತೆಳ್ಳನೆಯದಕ್ಕೆ ಇ, ಎ, ಡಿ, ಜಿ ಎಂದು ಹೆಸರು. ವೀಣೆಯಲ್ಲಿರುವಂತೆ ಇದಕ್ಕೂ ಮೆಟ್ಟುಗಳಿವೆ. ಮೂರು ಎಂದು ಬರೆದಿದ್ದರೆ ಮೂರನೆಯ ಮೆಟ್ಟಿನ ಹಿಂದೆ ಒತ್ತಿ ಮೀಟಬೇಕು. ನಾನು ಮೂರು ಎಂದರೆ ಮೂರನೆಯ ಬೆರಳು ಎಂದು ತಿಳಿದು ಒಂದು ವಾರ ಒದ್ದಾಡಿದೆ. ಬೆರಳ ತುದಿಗಳು ಕೆಂಪಾದವೇ ಹೊರತು ಸಂಗೀತವೆಂಬುದು ಹತ್ತಿರ ಸುಳಿಯಲಿಲ್ಲ.

ಆ ತಪ್ಪು ತಿದ್ದಿಕೊಂಡ ಮೇಲೆ ಇನ್ನೊಂದು ಎದುರಾಯಿತು. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿ ನೋಡಿದರೆ ದಪ್ಪ ತಂತಿ ಮೇಲೆ, ನಮ್ಮ ಮುಖಕ್ಕೆ ಹತ್ತಿರ. ಕಾಗದದಲ್ಲಾದರೋ ಅದೇ ತಂತಿ ಎಲ್ಲಕ್ಕಿಂತ ಕೆಳಗಿನ ಗೆರೆ! ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನೀವು ನಗಬಹುದು. ಆದರೆ ಈ ತಕರಾರು ನನ್ನೊಬ್ಬನದಲ್ಲ, ಐನೂರು ವರ್ಷ ಹಳೆಯದು. ಲ್ಯೂಟ್ ಎಂಬ ತಂತೀವಾದ್ಯದ ಟ್ಯಾಬ್ ಪುಸ್ತಕವನ್ನು ವೆನಿಸ್ ನಗರದ ಮುದ್ರಕ ಪೆಟ್ರುಚ್ಚಿ 1507ರಲ್ಲಿಯೇ ಅಚ್ಚುಹಾಕಿದ್ದ. ಆ ಇಟಲಿಯವರು ತಗ್ಗಿನ ತಂತಿಗೆ ಮೇಲಿನ ಗೆರೆಯನ್ನು ಕೊಟ್ಟರು, ವಾದಕನ ಕಣ್ಣಿಗೆ ಕಾಣುವ ಹಾಗೆ. ಸ್ಪೇನಿನ ಲೂಯಿಸ್ ಮಿಲಾನ್ 1536ರಲ್ಲಿ ತನ್ನ ಪುಸ್ತಕ ಪ್ರಕಟಿಸುವಾಗ ಅದನ್ನು ತಿರುವುಮುರುವು ಮಾಡಿ, ಎತ್ತರದ ಸ್ವರದ ತಂತಿಗೆ ಎತ್ತರದ ಗೆರೆ ಎಂದ. ಇಂದಿನ ಟ್ಯಾಬು ಮಿಲಾನನ ಪಕ್ಷ. ನಾನು ಮನಸ್ಸಿನಲ್ಲೇ ಇಟಲಿಯ ಪಕ್ಷ ವಹಿಸಿದೆ. ಬೆರಳುಗಳು ಮಾತ್ರ ಸ್ಪೇನಿಗೆ ಶರಣಾಗಬೇಕಾಯಿತು.

ನಡುವೆ ಒಂದು ಸಮಾಧಾನ ದೊರೆಯಿತು. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದು ಜನಪ್ರಿಯಗೊಳಿಸಿದ ಲಿಯೋ ಫೆಂಡರ್ ಓದಿದ್ದು ಲೆಕ್ಕಪತ್ರದ ವಿದ್ಯೆ; ರೇಡಿಯೋ ರಿಪೇರಿ ಅಂಗಡಿ ಇಡುವ ಮುನ್ನ ಅವನು ಲೆಕ್ಕ ಬರೆಯುವ ಕೆಲಸದಲ್ಲಿದ್ದ. ಗಿಟಾರ್ ಬಾರಿಸಲು ಅವನಿಗೆ ಬರುತ್ತಿರಲಿಲ್ಲ! ಅದಕ್ಕೆ ಮುಂಚೆ ತಗ್ಗಿನ ಸ್ವರಕ್ಕೆ ಆಳೆತ್ತರದ ವಾದ್ಯವನ್ನು ನಿಲ್ಲಿಸಿಕೊಂಡು ನುಡಿಸಬೇಕಾಗಿತ್ತು. ಅದಕ್ಕೆ ಮೆಟ್ಟುಗಳಿಲ್ಲ, ಸ್ವರಸ್ಥಾನ ಕಿವಿಯ ಹೊಣೆ. ಫೆಂಡರ್ ಮೆಟ್ಟು ಕೂರಿಸಿ, 'ನಿಖರ' ಎಂಬ ಅರ್ಥದ 'ಪ್ರಿಸಿಷನ್' ಎಂದು ಹೆಸರಿಟ್ಟ. ಲೆಕ್ಕಿಗನಲ್ಲದೆ ಇನ್ನಾರಿಗೆ ಆ ಹೆಸರು ಹೊಳೆದೀತು ಎಂದು ಹೆಂಡತಿಗೆ ಹೇಳಿದೆ. "ಅವರು ಮಾಡಿ ಮಾರಿದರು, ನುಡಿಸುವ ಗೋಜಿಗೆ ಹೋಗಲಿಲ್ಲವಲ್ಲ" ಎಂದಳು.

ಮಗಳ ಪುಸ್ತಕದಲ್ಲಿ ಮೊದಲ ಪಾಠ ಹನ್ನೆರಡು ಭಾಗಗಳ ಬ್ಲೂಸ್, ಅಮೆರಿಕದ ಕಪ್ಪು ಜನ ಲೋಕಕ್ಕೆ ಕೊಟ್ಟ ಹಾಡಿನ ಅಚ್ಚು. ಮೊದಲನೆಯ ಅಂಕಿಯೇ ಸೊನ್ನೆ. ಖಾತೆಯಲ್ಲಿ ಸೊನ್ನೆಯೆಂದರೆ ಏನೂ ಇಲ್ಲ. ಇಲ್ಲಿ ಸೊನ್ನೆಯೆಂದರೆ ಎಲ್ಲಿಯೂ ಒತ್ತದೆ ತಂತಿಯನ್ನು ಅದರ ಪಾಡಿಗೆ ಬಿಟ್ಟು ಮೀಟು ಎಂದು. ಆಗ ತಂತಿ ಪೂರ್ತಿ ಉದ್ದಕ್ಕೂ ನುಡಿಯುತ್ತದೆ. ಎ ತಂತಿಯಲ್ಲಿ ಸೊನ್ನೆ, ನಾಲ್ಕು. ಅದರ ಮೇಲಿನ ಗೆರೆಯಲ್ಲಿ ಎರಡು, ನಾಲ್ಕು, ಐದು. ಬಂದ ದಾರಿಯಲ್ಲೇ ಮತ್ತೆ ನಾಲ್ಕು, ಎರಡು, ಕೆಳಗಿಳಿದು ನಾಲ್ಕು. ಒಟ್ಟು ಎಂಟು ಸ್ವರ. ಹಾಡು ಬೇರೆ ನೆಲೆಗೆ ಹೋದಾಗ ಅಂಕಿಗಳು ಬದಲಾಗುವುದಿಲ್ಲ, ಇಡೀ ಆಕೃತಿ ಒಂದು ಗೆರೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ, ಮನೆ ಬದಲಾಯಿಸಿದರೂ ಅದೇ ಸಾಮಾನನ್ನು ಅದೇ ಕ್ರಮದಲ್ಲಿ ಜೋಡಿಸುವ ಗೃಹಿಣಿಯಂತೆ. ಇದು ತಿಳಿದ ದಿನ ನನಗಾದ ಸಂತೋಷ, ವರ್ಷಾಂತ್ಯದ ಲೆಕ್ಕ ಪೈಸೆಗೆ ಪೈಸೆ ಹೊಂದಿದಾಗಲೂ ಆದದ್ದಿಲ್ಲ.

ಆದರೆ ನುಡಿಸಿದರೆ ಅದು ಹಾಡಾಗಲಿಲ್ಲ. ಎಲ್ಲ ಅಂಕಿಗಳೂ ಸರಿ, ಮೊತ್ತ ಮಾತ್ರ ತಪ್ಪು!

ಒಳಗಿನಿಂದ ಹೆಂಡತಿ ಬಂದಳು. ಅವಳು ಹುಡುಗಿಯಾಗಿದ್ದಾಗ ಸರಳೆ ಜಂಟೆ ಕಲಿತವಳು. ಪುಟವನ್ನು ನೋಡಿ, "ಇದರಲ್ಲಿ ಕಾಲ ಎಲ್ಲಿ ಬರೆದಿದೆ?" ಎಂದಳು. ಬರೆದಿರಲಿಲ್ಲ. ನಮ್ಮ ಸ್ವರಲಿಪಿಯಲ್ಲಿ ಅಲ್ಪವಿರಾಮ ಹಾಕಿದರೆ ಸ್ವರ ಒಂದಕ್ಷರ ಕಾಲ ನಿಲ್ಲುತ್ತದೆ, ಅರ್ಧವಿರಾಮ ಹಾಕಿದರೆ ಎರಡು. ತಾಳಕ್ಕೆ ನೇರ ಗೀಟುಗಳಿವೆ. ಗಮಕವನ್ನು ಮಾತ್ರ ಗುರುವಿನ ಬಾಯಿಂದಲೇ ಕಲಿಯಬೇಕು. ಹಳೆಯ ಲ್ಯೂಟಿನ ಪುಸ್ತಕಗಳಲ್ಲೂ ಗೆರೆಗಳ ಮೇಲೆ ಕಾಲದ ಗುರುತುಗಳಿದ್ದವು. ಮಗಳು ತನಗಾಗಿ ಅವಸರದಲ್ಲಿ ಬರೆದುಕೊಂಡ ಟ್ಯಾಬಿನಲ್ಲಿ ಬೆರಳು ಎಲ್ಲಿ ಎಂಬುದಿತ್ತು, ಯಾವಾಗ ಎಂಬುದಿರಲಿಲ್ಲ. ಅದು ಅವಳ ಕಿವಿಯಲ್ಲಿತ್ತು. ಯಾವುದೇ ಲಿಪಿಯೂ ಏನನ್ನಾದರೂ ಒಂದನ್ನು ಮನುಷ್ಯರ ಪಾಲಿಗೆ ಬಿಟ್ಟುಕೊಡುತ್ತದೆಂದು ತೋರುತ್ತದೆ.

"ಎಂಟು ಸ್ವರ ತಾನೆ? ಆದಿತಾಳ ಹಾಕುತ್ತೇನೆ, ನುಡಿಸಿ" ಎಂದು ಅವಳು ತೊಡೆ ತಟ್ಟಿದಳು. ಹನ್ನೆರಡು ಭಾಗ, ಹನ್ನೆರಡು ಆವರ್ತ. ಲೆಕ್ಕ ಸರಿಹೋಯಿತು. ಮೊದಲ ಬಾರಿಗೆ ಅದು ನಡೆಯುವಂತೆ ಕೇಳಿಸಿತು.

ಎದುರು ಮನೆಯ ಹುಡುಗನಿಗೆ ಹೇಳಿದಾಗ ಅವನು ತನ್ನ ಸ್ನೇಹಿತರು ನುಡಿಸಿದ ಹಾಡೊಂದನ್ನು ಹಾಕಿ, "ಬೇಸ್ ಎಲ್ಲಿದೆ ಹುಡುಕಿ ಅಂಕಲ್" ಎಂದ. ಎಷ್ಟು ಕಿವಿಗೊಟ್ಟರೂ ಸಿಗಲಿಲ್ಲ. ಅವನು ಬೇಸನ್ನು ಮಾತ್ರ ತೆಗೆದು ಅದೇ ಹಾಡನ್ನು ಮತ್ತೆ ಹಾಕಿದ. ಉಪ್ಪು ಹಾಕಲು ಮರೆತ ಸಾರಿನಂತಿತ್ತು. ಸಾರು ಚೆನ್ನಾಗಿದ್ದಾಗ ಉಪ್ಪು ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ.

ಆಗ ನನಗೊಂದು ಮಾತು ನೆನಪಾಯಿತು. ಬೇಡವೆಂದರೂ ನೆನಪಾಯಿತು. ಮಗಳು ಕಾಲೇಜಿನ ಕಡೆಯ ವರ್ಷದಲ್ಲಿದ್ದಾಗ ಅವಳ ಗುಂಪಿನ ಕಾರ್ಯಕ್ರಮವೊಂದಿತ್ತು. ಕರೆದಳು, ಹೋದೆ. ಹಿಂದಿನ ಸಾಲಿನಲ್ಲಿ ಕುಳಿತು ಗಡಿಯಾರ ನೋಡಿದ್ದೇ ಹೆಚ್ಚು. ಆಟೋದಲ್ಲಿ ಮನೆಗೆ ಬರುವಾಗ ಅವಳು, "ಹೇಗಿತ್ತಪ್ಪಾ?" ಎಂದು ಕೇಳಿದಳು. ನಾನು, "ಉಳಿದವರದೆಲ್ಲ ಕೇಳಿಸಿತು. ನಿನ್ನದೇ ಕೇಳಿಸಲಿಲ್ಲವಲ್ಲ!" ಎಂದೆ. ತಮಾಷೆ ಎಂದುಕೊಂಡು ಹೇಳಿದ್ದು. ಅವಳು ಆಟೋದ ಹೊರಗೆ ನೋಡುತ್ತ ಕುಳಿತಳು. ಪುಣೆಗೆ ಹೊರಟಾಗ, "ಇದನ್ನು ತೆಗೆದುಕೊಂಡು ಹೋಗುವುದಿಲ್ಲವೆ?" ಎಂದರೆ, "ಅಲ್ಲಿ ಜಾಗ ಇಲ್ಲ" ಎಂದಳು. ನಾನು ಅದನ್ನು ನಂಬಿದೆ, ನಂಬುವುದು ಸುಲಭವಾಗಿತ್ತು.

ಕಳೆದ ಭಾನುವಾರ ಅವಳಿಗೆ ಫೋನು ಮಾಡಿದೆ. ಕ್ಷಮೆ ಕೇಳಬೇಕೆಂದಿದ್ದೆ. ನಮ್ಮ ಮನೆಯಲ್ಲಿ ಆ ಮಾತಿನ ಬಳಕೆ ಕಡಿಮೆ, ಬಾಯಿಗೆ ಬರಲಿಲ್ಲ. ಬದಲಿಗೆ, "ನಿನ್ನ ಪುಸ್ತಕದ ಮೊದಲನೆಯ ಪಾಠ ಕಲಿತಿದ್ದೇನೆ. ಸರಿಯೋ ತಪ್ಪೋ ಹೇಳು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನೀವಾ?" ಎಂದಳು, ಮತ್ತೆ, "ಫೋನನ್ನು ಪಕ್ಕದಲ್ಲಿಟ್ಟು ನುಡಿಸಿ" ಎಂದಳು. ಹೆಂಡತಿ ತಾಳ ಹಾಕಿದಳು. ಹನ್ನೆರಡು ಆವರ್ತ ಮುಗಿಸಿ, ಬೆವರು ಒರೆಸಿಕೊಂಡು ಫೋನು ಎತ್ತಿಕೊಂಡೆ.

"ಅಪ್ಪಾ, ಮೂರನೇ ಸಾಲಿನಲ್ಲಿ ಇ ತಂತಿಗೆ ಇಳಿಯುವಾಗ ಓಡಿದಿರಿ. ಆ ಎರಡನೇ ಸ್ವರ ಮೆಟ್ಟಿಗೆ ಸರಿಯಾಗಿ ಕೂತಿಲ್ಲ, ಗರಗರ ಅಂತಿದೆ."

ನಿಜ. ಅಲ್ಲಿಯೇ ತಪ್ಪಿದ್ದೆ. ಲೆಕ್ಕ ತಪಾಸಣೆ ಮಾಡಿದವನಿಗೆ ಗೊತ್ತು, ಇಷ್ಟು ಖಚಿತವಾಗಿ ತಪ್ಪು ತೋರಿಸಬೇಕಾದರೆ ಪುಟವನ್ನು ಪೂರ್ತಿ ನೋಡಿರಬೇಕು. ಅವಳು ಮೊದಲಿನಿಂದ ಕೊನೆಯವರೆಗೆ ಕೇಳಿದ್ದಳು. ಅಂದು ನಾನು ಮಾಡದೆ ಬಿಟ್ಟ ಕೆಲಸ ಅದೊಂದೇ.

ದೀಪಾವಳಿಗೆ ಬರುತ್ತಾಳಂತೆ. ತಂತಿ ಹಳೆಯದಾಗಿದೆ, ಬದಲಾಯಿಸಿ ಇಡಿ ಎಂದಿದ್ದಾಳೆ. ವಾದ್ಯವನ್ನು ಜೊತೆಯಲ್ಲಿ ತೆಗೆದುಕೊಂಡು ಹೋಗುತ್ತಾಳೋ ಏನೋ ತಿಳಿಯದು. ಹೋದರೆ ನನಗೆ ಬೇಜಾರು, ಬಿಟ್ಟು ಹೋದರೆ ಇನ್ನೂ ಬೇಜಾರು. ಸದ್ಯಕ್ಕೆ ಮೂರನೆಯ ಸಾಲನ್ನು ಸರಿಮಾಡಿಕೊಳ್ಳುತ್ತಿದ್ದೇನೆ.