ಬೇರೆ ಇಟ್ಟ ಲೋಟ

ಮನೆಯ ಮಾತನ್ನು ಬೀದಿಗೆ ತರಬಾರದೆಂಬುದು ಹಿರಿಯರ ನೀತಿ. ಆದರೆ ಮರೆಸಿಟ್ಟುದರಿಂದಲೇ ಬೆಳೆಯುವ ಸಂಗತಿಗಳೂ ಕೆಲವುಂಟು. ಅಂಥದೊಂದನ್ನು, ಮನೆಯವರ ಸಮ್ಮತಿ ಪಡೆದೇ, ವಾಚಕರ ಮುಂದಿಡುತ್ತಿದ್ದೇನೆ.

2023ನೆಯ ಇಸವಿಯಲ್ಲಿ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಆಗ ಆರು ತಿಂಗಳು ತುಂಬಿತ್ತು. ಮೊದಲ ತಿಂಗಳುಗಳಲ್ಲಿಯೇ ಆಗಬೇಕಾಗಿದ್ದ ಒಂದು ರಕ್ತಪರೀಕ್ಷೆ ಹೇಗೋ ತಪ್ಪಿಹೋಗಿತ್ತು. ಇಲ್ಲಿ ಮಾಡಿಸಿದಾಗ ಅವಳ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ವ್ಯಾಧಿಯ ವೈರಾಣು ಇರುವುದಾಗಿ ತಿಳಿಯಿತು. ಕಣ್ಣು ಹಳದಿಯಾಗಿರಲಿಲ್ಲ, ಜ್ವರವಿರಲಿಲ್ಲ, ಅನ್ನವು ರುಚಿಗೆಟ್ಟಿರಲಿಲ್ಲ. ನಂಬಲು ನಮಗೆ ಮನಸ್ಸೇ ಬರಲಿಲ್ಲ.

ಆ ರಾತ್ರಿ ನನ್ನ ಮಡದಿ ಮಗಳ ತಟ್ಟೆ ಲೋಟಗಳನ್ನು ತೊಳೆದು, ಅಡಿಗೆಯ ಮನೆಯ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಳು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಮಗಳು ಅದನ್ನು ಕಂಡಳು. ಅವಳೂ ಏನೂ ಅನ್ನಲಿಲ್ಲ. ನಾನೂ ಕಂಡು ಸುಮ್ಮನಾದೆ. ಹಾಗೆ ಸುಮ್ಮನಾದುದು ಈಗಲೂ ನನ್ನನ್ನು ಚುಚ್ಚುತ್ತದೆ.

ಮರುದಿನ ವೈದ್ಯರು ಸಾವಧಾನವಾಗಿ ವಿವರಿಸಿದರು. ಈ ವೈರಾಣು ಹರಡುವುದು ರಕ್ತದಿಂದ, ದೇಹದ ಕೆಲವು ದ್ರವಗಳಿಂದ. ಒಟ್ಟಿಗೆ ಕುಳಿತು ಉಂಡುದರಿಂದಲ್ಲ, ತಟ್ಟೆ ಲೋಟಗಳಿಂದಲ್ಲ. ಹೆರಿಗೆಯ ಕಾಲದಲ್ಲಿ ಮಾತ್ರ ತಾಯಿಯಿಂದ ಶಿಶುವಿಗೆ ಸುಲಭವಾಗಿ ದಾಟುತ್ತದೆ. ದೊಡ್ಡವರಿಗೆ ಅಂಟಿದರೆ ಬಹುಪಾಲು ತಾನಾಗಿಯೇ ತೊಲಗುವುದು. ಹುಟ್ಟುವಾಗ ಅಂಟಿದರೆ ನೂರರಲ್ಲಿ ಸುಮಾರು 90 ಶಿಶುಗಳಲ್ಲಿ ನೆಲೆಯೂರಿ, ಹತ್ತಾರು ವರ್ಷ ಸದ್ದಿಲ್ಲದೆ ಇದ್ದು, ಯಕೃತ್ತನ್ನು ಕೆಡಿಸಬಹುದು. ಇಷ್ಟು ಹೇಳಿ, "ತಾಯಿಯವರ ರಕ್ತವನ್ನೂ ನೋಡೋಣ" ಎಂದರು. ನೋಡಿದರು. ಅವಳಲ್ಲಿಯೂ ಇತ್ತು.

ಮಗಳು ಹುಟ್ಟಿದುದು 1995ರಲ್ಲಿ. ಇದರ ಲಸಿಕೆ ಸರಕಾರದ ಕಾರ್ಯಕ್ರಮದ ಮೂಲಕ ದೇಶದ ಎಲ್ಲೆಡೆಗೂ ಬಂದುದು 2011ರಲ್ಲಿ. "ಹಾಗಾದರೆ ನಾನೇ ಕೊಟ್ಟೆನೇನು?" ಎಂದು ನನ್ನಾಕೆ ಕೇಳಿದಳು. ಅವಳಿಗೆ ಕೊಟ್ಟವರು ಯಾರೋ! ಅವಳ ತಾಯಿ ಈಗಿಲ್ಲ. ಆ ಸಂಜೆ ಮಗಳು ಕಿಟಕಿಯಲ್ಲಿದ್ದ ತನ್ನ ಲೋಟವನ್ನು ತಂದು, ಅದರಲ್ಲಿ ಕಾಫಿ ಬೆರೆಸಿ, "ಕುಡಿಯಮ್ಮ" ಎಂದು ತಾಯಿಯ ಕೈಗಿತ್ತಳು.

ಮಗಳ ರಕ್ತದಲ್ಲಿ ವೈರಾಣುವಿನ ಪ್ರಮಾಣ ಮಿಲಿಲೀಟರಿಗೆ ಕೋಟಿಯನ್ನು ಮೀರಿತ್ತು. ಎರಡು ಲಕ್ಷಕ್ಕೆ ಮೀರಿದರೇ ಶಿಶುವಿಗೆ ಲಸಿಕೆಯೊಂದೇ ಸಾಲದೆ ಹೋಗಬಹುದಂತೆ. ಆದಕಾರಣ 28ನೆಯ ವಾರದಿಂದ ಟೆನೊಫೊವಿರ್ ಎಂಬ ಗುಳಿಗೆಯನ್ನು, ದಿನಕ್ಕೆ 300 ಮಿಲಿಗ್ರಾಮಿನಂತೆ, ಆರಂಭಿಸಿದರು. ಬಸುರಿಗೆ ಇಂಥ ಔಷಧವೇ ಎಂದು ನಾನು ಅಳುಕಿದೆ. ವೈದ್ಯರು ಚೀನಾದೇಶದಲ್ಲಿ 200 ಗರ್ಭಿಣಿಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವನ್ನು ತಿಳಿಸಿದರು. ಅದನ್ನು ಕಡೆಯವರೆಗೆ ಪೂರೈಸಿದವರಲ್ಲಿ, ಗುಳಿಗೆ ಸೇವಿಸಿದ ತಾಯಂದಿರ ಒಂದು ಮಗುವಿಗೂ ಸೋಂಕು ದಾಟಲಿಲ್ಲ. ಸೇವಿಸದವರ ಮಕ್ಕಳಲ್ಲಿ, ಲಸಿಕೆ ಹಾಕಿಯೂ, ನೂರಕ್ಕೆ 7ರಷ್ಟು ದಾಟಿತ್ತು. ಶಿಶುಗಳ ಅಂಗವೈಕಲ್ಯದಲ್ಲಿ ಎರಡು ಗುಂಪುಗಳಿಗೂ ಹೇಳತಕ್ಕ ವ್ಯತ್ಯಾಸವಿರಲಿಲ್ಲ. ನನ್ನ ಅಳುಕು ಇಳಿಯಿತು. ಪ್ರತಿರಾತ್ರಿ ಗುಳಿಗೆಯನ್ನು ನೀರಿನೊಡನೆ ಕೊಡುವ ಕೆಲಸವನ್ನು ನನ್ನಾಕೆ ತಾನೇ ವಹಿಸಿಕೊಂಡಳು. ಅಳಿಯಂದಿರಿಗೂ ನನಗೂ ಪರೀಕ್ಷೆ ಮಾಡಿ ಲಸಿಕೆ ಹಾಕಿದರು.

ಮಗು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅದರ ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಇಮ್ಯುನೊಗ್ಲಾಬ್ಯುಲಿನ್ ಬಿದ್ದುವು. ಎದೆಹಾಲಿಗೆ ಅಡ್ಡಿಯಿಲ್ಲವೆಂದರು. ಗುಳಿಗೆ ನಿಲ್ಲಿಸಿದ ಮೇಲೆ ಯಕೃತ್ತು ಕೆರಳುವ ಸಂಭವವುಂಟಾದುದರಿಂದ ಬಾಣಂತಿಯನ್ನು ತಿಂಗಳುಗಟ್ಟಲೆ ಪರೀಕ್ಷಿಸುತ್ತಿದ್ದರು. ಮಗುವಿಗೆ ವರ್ಷ ತುಂಬಿದಾಗ ರಕ್ತ ನೋಡಿದರು. ಸೋಂಕಿರಲಿಲ್ಲ.

ತಾಯಿ ಮಗಳಿಬ್ಬರೂ ಈಗ ಆರು ತಿಂಗಳಿಗೊಮ್ಮೆ ಜೊತೆಯಾಗಿ ತಪಾಸಣೆಗೆ ಹೋಗಿಬರುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಪರೀಕ್ಷೆಯೂ ಔಷಧವೂ ಉಚಿತ. ಬಸುರಾದ ಮೊದಲ ತಿಂಗಳುಗಳಲ್ಲಿಯೇ ಈ ಒಂದು ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕೆಂದು ವಾಚಕರಲ್ಲಿ ನನ್ನ ಬಿನ್ನಹ. ಇನ್ನು ಆ ಲೋಟ: ಉಳಿದವುಗಳೊಡನೆ ಬೆರೆತು, ಈಗ ಯಾವುದೆಂದು ಗುರುತೇ ಸಿಕ್ಕುವುದಿಲ್ಲ.