ನನಗೂ ಒಂದು ಊರಿತ್ತು

ನಮ್ಮ ಕಡೆ ಹೊಸಬರು ಸಿಕ್ಕಿದರೆ ಮೊದಲು ಕೇಳೋದು ‘ಯಾವೂರು?’ ಅಂತ. ಹೇಳಿದ ಮೇಲೆ ‘ಊರಲ್ಲಿ ಎಲ್ಲಿ?’ ಅಂತ ಇನ್ನೊಂದು ಪ್ರಶ್ನೆ ಬರುತ್ತೆ. ಅಲ್ಲಿಗೆ ಮಾತು ನಿಲ್ಲುತ್ತೆ. ಯಾಕೆಂದರೆ ನಾವು ಊರಿನವರಲ್ಲ, ಕೇರಿಯವರು. ಹುಟ್ಟಿ ಇಪ್ಪತ್ತನಾಲ್ಕು ವರ್ಷ ಆಗೋ ತನಕ ನನಗೆ ಊರು ಅನ್ನೋದು ಇರಲಿಲ್ಲ. ಇದ್ದದ್ದು ಕೇರಿ, ಆಮೇಲೆ ಹಾಸ್ಟೆಲ್ಲು. ಗೆಳೆಯರೆ, ನಾಚಿಕೆ ಬಿಟ್ಟು ಹೇಳ್ತೀನಿ. ಮೊದಲ ಸಲ ನಾನು ‘ನನ್ನೂರು’ ಅಂದುಕೊಂಡದ್ದು ಲಂಡನ್ನನ್ನು. ನಮ್ಮನ್ನು ದೋಚಿದವರ ರಾಜಧಾನಿಯನ್ನು.

2022ರಲ್ಲಿ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಎಂ.ಎ. ಓದಲು ಹೋದೆ. ನಗರದ ಪೂರ್ವಕ್ಕೆ ಈಸ್ಟ್ ಹ್ಯಾಮ್‌ನಲ್ಲಿ ಮೂವರು ಸೇರಿ ಒಂದು ರೂಮು ಹಿಡಿದೆವು. ಒಂದು ದಿನ ಬಸ್ಸಿನಲ್ಲಿ ಬಿಳಿ ಮುದುಕಿಯೊಬ್ಬಳು ನನ್ನ ಪಕ್ಕ ಕೂತು, ತನ್ನ ಚೀಲ ಅರ್ಧ ನನ್ನ ತೊಡೆ ಮೇಲೇ ಬಿಟ್ಟು, ಕಿಟಕಿ ನೋಡ್ತಾ ನಿದ್ದೆ ಹೋದಳು. ಇದನ್ನು ಅವ್ವನಿಗೆ ಫೋನಿನಲ್ಲಿ ಹೇಳಿದೆ. ‘ಅದ್ರಲ್ಲೇನ್ ಮಗ ಅದೆ’ ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳಿಗೆ ಅರ್ಥ ಆಗಿತ್ತು.

ಲಂಡನ್ನು ಸ್ವರ್ಗ ಅಂತ ನಾನು ಬರೀತಿಲ್ಲ. ರೂಮು ಹುಡುಕುವಾಗ ನಮ್ಮ ದೇಶದವನೇ ಒಬ್ಬ ‘ಪೂರ್ತಿ ಹೆಸರೇನು, ಅಪ್ಪ ಏನು ಮಾಡ್ತಾರೆ, ಮನೇಲಿ ಏನು ತಿಂತೀರಿ’ ಅಂತ ಕೇಳಿ, ರೂಮು ಖಾಲಿ ಇಲ್ಲ ಅಂದ. ಜಾತಿ ವೀಸಾ ಇಲ್ಲದೆಯೇ ವಿಮಾನ ಹತ್ತಿತ್ತು. ಆ ದೇಶದ 2010ರ ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನು ಸೇರಿಸಲು ಅವಕಾಶವಿತ್ತು. 2013ರಲ್ಲಿ ಪಾರ್ಲಿಮೆಂಟು ಸೇರಿಸಲೇಬೇಕು ಅಂದಿತು. 2018ರಲ್ಲಿ ಸರ್ಕಾರ ಸೇರಿಸೋದಿಲ್ಲ, ಕೋರ್ಟುಗಳು ನೋಡಿಕೊಳ್ಳಲಿ ಅಂತ ಕೈ ತೊಳೆದುಕೊಂಡಿತು. ಇದೆಲ್ಲ ಗೊತ್ತಿದ್ದೂ ಆ ನಗರವನ್ನು ಪ್ರೀತಿಸಿದೆ. ಬೀದಿಗೆ ಇಳಿದರೆ ನಾನು ಯಾರೂ ಅಲ್ಲ. ಕೇರಿಯಲ್ಲಿ ಹುಟ್ಟಿದವನಿಗೆ, ಯಾರೂ ಅಲ್ಲದವನಾಗಿ ನಡೆಯೋದು ಎಂಥ ಸುಖ ಅಂತ ನಡೆದವರಿಗೇ ಗೊತ್ತು.

ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಬಹುದಿತ್ತು. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದ. 2023ರ ಕೊನೆಗೆ ವಾಪಸ್ ಬಂದೆ. ಅಪ್ಪ ಉಳಿಯಲಿಲ್ಲ. ತಾಲ್ಲೂಕಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾದೆ. ‘ಅತಿಥಿ’ ಅನ್ನೋ ಪದ ಎಷ್ಟು ಮರ್ಯಾದೆಯದು, ಸಂಬಳ ಬರೋ ದಿನ ಗೊತ್ತಾಗುತ್ತೆ.

2025ರ ಜೂನ್‌ನಲ್ಲಿ ಅಲ್ಲಿನ ಗೆಳೆಯರು ಪದ್ಯ ಓದೋಕೆ ಕರೆದು, ದುಡ್ಡು ಕೂಡಿಸಿ ಟಿಕೆಟ್ ಕಳಿಸಿದರು. ‘ಅಲ್ಲೇನ ಮಡಗ್ ಬಂದಿದ್ದೀಯೆ ಮಗ, ಮತ್ತೆ ಹೊಂಟಿದ್ದೀಯಲ್ಲ’ ಅಂದಳು ಅವ್ವ. ನಾನು ನಿಜ ಹೇಳಲಿಲ್ಲ. ನನ್ನ ಚೀಲದಲ್ಲಿ ಪದ್ಯಗಳ ಕೆಳಗೆ ಪಿಎಚ್.ಡಿ. ಅರ್ಜಿಯ ಕಾಗದಗಳಿದ್ದವು. ಈ ಸಲ ಸೇರಿಕೊಂಡರೆ ವಾಪಸ್ ಬರೋದು ಬೇಡ ಅಂತ ಮನಸ್ಸು ಮಾಡಿಕೊಂಡಿದ್ದೆ.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಹೆಂಗಸು ಕೇಳಿದಳು: ಎಲ್ಲಿ ಉಳಿದುಕೊಳ್ತೀರಿ? ಎಷ್ಟು ದಿನ? ಯಾವತ್ತು ವಾಪಸ್ ಹೋಗ್ತೀರಿ? ಅದೂ ‘ಯಾವೂರು?’ ಅನ್ನೋ ಪ್ರಶ್ನೆಯೇ. ‘ಎಂಟು ದಿನ, ಗೆಳೆಯನ ಮನೆ’ ಅಂದೆ. ಸೀಲು ಹೊಡೆದಳು. ನನ್ನೂರಿಗೆ ನಾನು ಪ್ರವಾಸಿಯಾಗಿ ಬಂದಿದ್ದೆ.

ಮಾರನೇ ದಿನ ಈಸ್ಟ್ ಹ್ಯಾಮ್‌ಗೆ ಹೋದೆ. ನಾವಿದ್ದ ಮನೆಯ ಮುಂದೆ ಯಾರದೋ ಸೈಕಲ್ಲು, ಕಿಟಕಿಗೆ ಬೇರೆ ಪರದೆ. ಕೈ ತಾನಾಗಿ ಜೇಬಿಗೆ ಹೋಯಿತು, ಬೀಗದ ಕೈ ಹುಡುಕೋಕೆ. ಹೋಗೋರು ಬರೋರು ಯಾರೂ ನನ್ನನ್ನು ಏನೂ ಕೇಳಲಿಲ್ಲ. ಮೂರು ವರ್ಷದ ಹಿಂದೆ ಇದೇ ನನಗೆ ಸ್ವಾತಂತ್ರ್ಯ ಅನ್ನಿಸಿತ್ತು. ಈಗ ಅದೇ ಮೌನ ಬೇರೆ ಥರ ಕೇಳಿಸಿತು. ನಾನಿದ್ದಾಗಲೂ ಕೇಳಲಿಲ್ಲ, ಹೋದಾಗಲೂ ಕೇಳಲಿಲ್ಲ.

ಕೇಳಿದವನು ಒಬ್ಬನೇ, ಮೂಲೆ ಅಂಗಡಿಯ ತಮಿಳು ಯಜಮಾನ. ‘ಎಲ್ಲಿ ಹೋಗಿದ್ದೆ ತಂಬಿ, ಕಾಣಲೇ ಇಲ್ಲ?’ ಅಂದ. 1983ರ ಗಲಭೆ ಆದಮೇಲೆ ಜಾಫ್ನಾ ಬಿಟ್ಟು ಬಂದವನು. ತಿಂಗಳ ಕೊನೆಗೆ ನನಗೆ ಅಕ್ಕಿ ಸಾಲ ಕೊಟ್ಟವನು. ಪ್ರವಾಸಿಯಾಗಿ ಬಂದಿದ್ದೀನಿ ಅಂದಾಗ ನಕ್ಕ. ಯುದ್ಧ ಮುಗಿದ ಮೇಲೆ ಅವನೂ ಒಂದು ಸಲ ತನ್ನೂರಿಗೆ ಹೋಗಿದ್ದನಂತೆ. ಮನೆ ಇದ್ದ ಜಾಗದಲ್ಲಿ ಗೋಡೆಯೂ ಇರಲಿಲ್ಲವಂತೆ. ‘ಹುಟ್ಟಿದ ಊರಲ್ಲಿ ಲಾಡ್ಜಿನಲ್ಲಿ ಮಲಗಿದೆ ತಂಬಿ. ಮೂರು ರಾತ್ರಿ.’ ಅಷ್ಟು ಹೇಳಿ ಟೀಗೆ ನೀರಿಟ್ಟ. ಅವನಿಗೆ ವಾಪಸ್ ಹೋಗೋಕೆ ಜಾಗ ಇಲ್ಲ. ನನಗೆ ಇದೆ, ನಾನೇ ಬೇಡ ಅಂತ ಓಡಿ ಬಂದಿದ್ದೆ. ಆ ಟೀ ಗಂಟಲಲ್ಲಿ ಇಳಿಯಲಿಲ್ಲ.

ಮೂರನೇ ದಿನ ಬಾಬಾಸಾಹೇಬರು ಇದ್ದ ಮನೆಗೆ ಹೋದೆ. ಚಾಕ್ ಫಾರ್ಮ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಕಿಂಗ್ ಹೆನ್ರೀಸ್ ರೋಡು, 10ನೇ ನಂಬರು. 1921–22ರಲ್ಲಿ ಅವರು ಅಲ್ಲಿದ್ದರು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಮನೆಯನ್ನು ಕೊಂಡು ಸ್ಮಾರಕ ಮಾಡಿತು. ಮನೆ ಮ್ಯೂಸಿಯಂ ಆದರೆ ಜನ ಬಂದು ಗದ್ದಲ ಆಗುತ್ತೆ ಅಂತ ಅಕ್ಕಪಕ್ಕದ ಕೆಲವರು ತಕರಾರು ಎತ್ತಿದರು. ವಿಚಾರಣೆ ನಡೆದು 2020ರಲ್ಲಿ ಒಪ್ಪಿಗೆ ಸಿಕ್ಕಿತು. ಸತ್ತು ಅರವತ್ತು ವರ್ಷ ಕಳೆದ ಮೇಲೂ ಆ ಮನುಷ್ಯ ಒಂದು ಮನೆಗಾಗಿ ಕಾಯಬೇಕಾಯಿತು.

ಆ ಮೆಟ್ಟಿಲ ಹತ್ತಿರ ನಿಂತಾಗ ನನಗೆ ಹೊಳೆದದ್ದು ಒಂದೇ. ಅವರೂ ಈ ನಗರಕ್ಕೆ ಎರಡನೇ ಸಲ ಬಂದವರು. 1916ರಲ್ಲಿ ಬಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಬರೋಡ ಸಂಸ್ಥಾನದ ಸ್ಕಾಲರ್‌ಶಿಪ್ ಮುಗಿದು 1917ರಲ್ಲಿ ಅರ್ಧಕ್ಕೇ ಬಿಟ್ಟು ಹೊರಟರು. ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಯುದ್ಧಕ್ಕೆ ಸಿಕ್ಕಿ ಸಮುದ್ರದ ಪಾಲಾದವು. ಬರೋಡದಲ್ಲಿ ಅಷ್ಟು ಓದಿದ ಅಧಿಕಾರಿಗೆ ತಲೆ ಮೇಲೆ ಸೂರು ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ವಸತಿಗೃಹದಲ್ಲಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಪಾರ್ಕಿನಲ್ಲಿ ಕೂತು ಅತ್ತರು. ಆ ಮನುಷ್ಯನಿಗೆ ಲಂಡನ್ ನೆನಪಾಗಿರಲಿಲ್ಲವೆ?

1920ರಲ್ಲಿ ಮತ್ತೆ ಬಂದರು. ಮುಂಬಯಿಯಲ್ಲಿ ಪಾಠ ಹೇಳಿ ಉಳಿಸಿದ ಸಂಬಳ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯನ ಹತ್ತಿರದ ಸಾಲ, ಇಷ್ಟೇ ಬಂಡವಾಳ. ಅರ್ಧ ಹೊಟ್ಟೆಯಲ್ಲಿ ಲೈಬ್ರರಿಗಳಲ್ಲಿ ಕೂತರು. ರೂಪಾಯಿ ಸಮಸ್ಯೆಯ ಮೇಲೆ ಬರೆದು 1923ರಲ್ಲಿ ಹೊರಟರು, ಅದೇ ವರ್ಷ ಡಾಕ್ಟರೇಟ್ ಸಿಕ್ಕಿತು. ಮಾರನೇ ವರ್ಷ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು, 1927ರಲ್ಲಿ ಮಹಾಡ್ ಕೆರೆಯ ನೀರು ಮುಟ್ಟಿದರು. ಅವರು ಮತ್ತೆ ಬಂದದ್ದು ಅರ್ಧ ಉಳಿದ ಕೆಲಸ ಮುಗಿಸೋಕೆ. ನಾನು ಬಂದದ್ದು ಬಚ್ಚಿಟ್ಟುಕೊಳ್ಳೋಕೆ.

ಕೊನೆಯ ದಿನ ಬ್ರಿಟಿಷ್ ಲೈಬ್ರರಿಯ ಹಾಲಿನಲ್ಲಿ ಕೂತಿದ್ದೆ. ಓದುವ ಕೋಣೆಗೆ ಕಾರ್ಡು ಬೇಕು, ಹೊರಗಿನ ಹಾಲಿನಲ್ಲಿ ಯಾರು ಬೇಕಾದರೂ ಕೂರಬಹುದು. ಎದುರಿಗೆ ಗಾಜಿನ ಗೋಪುರದ ತುಂಬ ಮೂರನೇ ಜಾರ್ಜ್ ದೊರೆಯ ಪುಸ್ತಕಗಳು. ಪಕ್ಕದಲ್ಲಿ ಬೂಟು ಬಿಚ್ಚಿಟ್ಟು ಓದುತ್ತಿದ್ದ ಒಬ್ಬ ಹುಡುಗ. ಆಗ ನಮ್ಮೂರಿನ ಪಂಚಾಯ್ತಿ ಲೈಬ್ರರಿ ನೆನಪಾಯಿತು. ಅದು ಊರೊಳಗೆ, ದೇವಸ್ಥಾನಕ್ಕೆ ಅಂಟಿಕೊಂಡಿದೆ. ಕೇರಿ ಮಕ್ಕಳು ಹೋಗಲ್ಲ. ಬರಬೇಡಿ ಅಂತ ಯಾರೂ ಅಂದಿಲ್ಲ. ಬನ್ನಿ ಅಂತಲೂ ಅಂದಿಲ್ಲ. ಬಿ.ಎ. ಓದುವ ತನಕ ನಾನೂ ಆ ಬಾಗಿಲು ದಾಟಿರಲಿಲ್ಲ.

ಅರ್ಜಿಯ ಕಾಗದಗಳನ್ನು ಹಾಗೇ ವಾಪಸ್ ತಂದೆ. ಹರಿದಿಲ್ಲ, ಪೆಟ್ಟಿಗೆಯಲ್ಲಿವೆ. ಒಂದಲ್ಲ ಒಂದು ದಿನ ಓದೋಕೆ ಹೋಗಬಹುದು. ಅಲ್ಲೇ ಉಳಿದ ನಮ್ಮ ಹುಡುಗ ಹುಡುಗಿಯರನ್ನು ಬೈಯೋಕೆ ಇದನ್ನು ಬರೀತಿಲ್ಲ. ಉಸಿರಾಡೋ ಕಡೆ ಉಸಿರಾಡೋದು ತಪ್ಪಲ್ಲ. ಆದರೆ ಆ ಬಸ್ಸಿನ ಪಕ್ಕದ ಸೀಟು ನನಗೊಬ್ಬನಿಗೇ ಸಿಕ್ಕರೆ ಸಾಲದು ಅಂತ ಅನ್ನಿಸಿತು.

‘ಮಡಗಿದ್ದು ಇತ್ತಾ?’ ಅಂತ ಅವ್ವ ಕೇಳಿದಳು. ‘ಇಲ್ಲ ಕಣವ್ವ’ ಅಂದೆ. ‘ಇನ್ನೇನ್ ಮತ್ತೆ, ಉಣ್ಣು’ ಅಂದಳು.

ಕಳೆದ ಭಾನುವಾರ ಕೇರಿಯ ಆರು ಮಕ್ಕಳನ್ನು ಕರಕೊಂಡು ಪಂಚಾಯ್ತಿ ಲೈಬ್ರರಿಗೆ ಹೋದೆ. ಜಗುಲಿ ಮೇಲೆ ಕೂತಿದ್ದವರು ‘ಯಾರ ಮಕ್ಕಳಪ್ಪ?’ ಅಂದರು. ಮಕ್ಕಳು ಒಬ್ಬೊಬ್ಬರಾಗಿ ಅಪ್ಪನ ಹೆಸರು ಹೇಳಿದವು, ಕೇರಿಯ ಹೆಸರೂ ಹೇಳಿದವು. ಯಾರೂ ಮಾತಾಡಲಿಲ್ಲ. ಬೆಂಚಿನ ಮೇಲೆ ಕೂತು ಎರಡು ಗಂಟೆ ಪೇಪರು, ಕತೆ ಪುಸ್ತಕ ಓದಿದೆವು.

ಮುಂದಿನ ಭಾನುವಾರವೂ ಹೋಗ್ತೀವಿ.